ಅಫಿಲಿಯೇಟ್ ತಾಣಕ್ಕೆ ಮಾರಾಟ ತರುವ ವಿಮರ್ಶೆ ಬರೆಯುವುದು ಹೇಗೆ: ಒಂದು ಸೀಲಿಂಗ್ ಫ್ಯಾನಿನ ಉದಾಹರಣೆ

ವಸ್ತುವಿನ ಲಿಂಕ್ ಕೊಟ್ಟು, ಅದರ ಮೂಲಕ ಮಾರಾಟವಾದರೆ ಅಂಗಡಿಯಿಂದ ಕಮಿಷನ್ ಪಡೆಯುವ ತಾಣವೇ ಅಫಿಲಿಯೇಟ್ ತಾಣ. ಅಲ್ಲಿಗೆ ವಿಮರ್ಶೆ ಓದಲು ಬಂದವರಿಗೆ ಆ ವಸ್ತು ಬೇಕೆಂದು ನಾವು ಹೊಸದಾಗಿ ಮನವರಿಕೆ ಮಾಡಿಕೊಡಬೇಕಾಗಿಲ್ಲ. ಒಂದು ಫ್ಯಾನಿನ ಮಾಡೆಲ್ ಹೆಸರನ್ನು ಟೈಪ್ ಮಾಡಿ, ಅದರ ಮುಂದೆ ‘ಹೇಗಿದೆ’ ಎಂದು ಸೇರಿಸಿ ಹುಡುಕುವವರು ಕೊಳ್ಳುವ ನಿರ್ಧಾರದ ಮುಕ್ಕಾಲು ದಾರಿಯನ್ನು ಆಗಲೇ ನಡೆದಿರುತ್ತಾರೆ. ಅವರನ್ನು ತಡೆದು ನಿಲ್ಲಿಸಿರುವುದು ಒಂದೋ ಎರಡೋ ಅನುಮಾನಗಳು ಮಾತ್ರ. ಆ ಅನುಮಾನ ಯಾವುದೆಂದು ಕಂಡುಕೊಂಡು, ಅದಕ್ಕೆ ನೇರವಾಗಿ ಉತ್ತರ ಕೊಡುವ ಬರಹದಿಂದ ಮಾರಾಟವಾಗುತ್ತದೆ. ಹೊಗಳಿಕೆಯಿಂದ ಆಗುವುದಿಲ್ಲ, ಏಕೆಂದರೆ ಹೊಗಳಿಕೆಯನ್ನು ಕಂಪನಿಯವರೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿರುತ್ತಾರೆ.

ಇದನ್ನು ಒಂದೇ ಉದಾಹರಣೆಯ ಮೂಲಕ ವಿವರಿಸುವುದು ಒಳ್ಳೆಯದೆಂದು ಬಿಎಲ್‌ಡಿಸಿ (ಕಡಿಮೆ ಕರೆಂಟು ಎಳೆಯುವ ಬ್ರಷ್‌ಲೆಸ್ ಡಿಸಿ ಮೋಟಾರಿನ) ಸೀಲಿಂಗ್ ಫ್ಯಾನನ್ನು ಆರಿಸಿಕೊಂಡಿದ್ದೇನೆ. ಹಳೆಯ ಬಗೆಯ ಫ್ಯಾನಿಗೆ ಪೂರ್ಣ ವೇಗದಲ್ಲಿ ಸುಮಾರು 75 ವಾಟ್ ಬೇಕಾದರೆ ಇದು 28ರಿಂದ 35 ವಾಟ್‌ನಲ್ಲಿ ತಿರುಗುತ್ತದೆ. ಆದರೆ ಬೆಲೆ ಹೆಚ್ಚು. ಆ ಹೆಚ್ಚಿನ ಹಣ ತೆತ್ತದ್ದಕ್ಕೆ ಏನು ಸಿಗುತ್ತದೆ ಎಂಬುದೇ ಓದುಗರ ಪ್ರಶ್ನೆ. ನಾನು ಮೊದಲ ಬಾರಿ ಇಂಥ ಫ್ಯಾನಿನ ಬಗ್ಗೆ ಬರೆದಾಗ ಪೆಟ್ಟಿಗೆಯ ಮೇಲಿದ್ದ ವಾಟ್, ಆರ್‌ಪಿಎಂ, ಗಾಳಿಯ ಪ್ರಮಾಣ, ವಾರಂಟಿಯ ವರ್ಷ ಎಲ್ಲವನ್ನೂ ಅಚ್ಚುಕಟ್ಟಾಗಿ ಕನ್ನಡಕ್ಕೆ ಇಳಿಸಿದ್ದೆ. ಓದಿದವರೊಬ್ಬರು ಕೇಳಿದ್ದು ಒಂದೇ ಮಾತು: ಗೋಡೆಯ ಮೇಲಿನ ಹಳೆಯ ರೆಗ್ಯುಲೇಟರನ್ನು ಹಾಗೆಯೇ ಬಿಡಬಹುದೇ, ತೆಗೆಸಬೇಕೇ? ಅಷ್ಟು ಉದ್ದದ ಬರಹದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಬಿಎಲ್‌ಡಿಸಿ ಫ್ಯಾನಿಗೆ ಕರೆಂಟು ಹಳೆಯ ರೆಗ್ಯುಲೇಟರಿನ ಮೂಲಕ ಹೋಗಬಾರದು, ಎಲೆಕ್ಟ್ರಿಷಿಯನ್ ಅದನ್ನು ಬಿಟ್ಟು ನೇರ ವೈರು ಕೊಡಬೇಕು ಎಂಬ ಒಂದು ವಾಕ್ಯ ಸಾಕಿತ್ತು.

ಅನುಮಾನಗಳನ್ನು ಕೂಡಿಹಾಕುವುದು

ಬರೆಯಲು ಕೂರುವ ಮೊದಲು ಒಂದು ದಿನವನ್ನು ಪೂರ್ತಿ ಈ ಕೆಲಸಕ್ಕೆ ಇಡಿ. ಮಾರಾಟದ ಪುಟದಲ್ಲಿ ಗ್ರಾಹಕರು ಕೇಳಿರುವ ಪ್ರಶ್ನೆಗಳನ್ನೂ, ಎರಡು ಮತ್ತು ಮೂರು ಸ್ಟಾರ್ ಕೊಟ್ಟವರ ಅಭಿಪ್ರಾಯಗಳನ್ನೂ ಓದಿ. ಐದು ಸ್ಟಾರಿನವರು ಪೆಟ್ಟಿಗೆ ಬಿಚ್ಚಿದ ದಿನದ ಸಂತೋಷದಲ್ಲಿ ಬರೆದಿರುತ್ತಾರೆ, ಒಂದು ಸ್ಟಾರಿನವರು ಬಹಳಷ್ಟು ಸಲ ಕೊರಿಯರಿನ ಮೇಲಿನ ಕೋಪದಲ್ಲಿ ಬರೆದಿರುತ್ತಾರೆ. ವಸ್ತುವಿನ ನಿಜವಾದ ಕೊರತೆಯನ್ನು ತಾಳ್ಮೆಯಿಂದ ಹೇಳುವವರು ನಡುವಿನವರು. ಇವುಗಳನ್ನು ಓದಿ ಅರ್ಥಮಾಡಿಕೊಳ್ಳಬಹುದೇ ಹೊರತು ನಕಲು ಮಾಡಿ ನಿಮ್ಮ ಪುಟದಲ್ಲಿ ಅಂಟಿಸುವಂತಿಲ್ಲ; ಅಮೆಜಾನ್‌ನ ಅಫಿಲಿಯೇಟ್ ನಿಯಮಗಳು ಅದಕ್ಕೆ ಅವಕಾಶ ಕೊಡುವುದಿಲ್ಲ.

ಆಮೇಲೆ ನಿಮ್ಮ ಬೀದಿಯ ಎಲೆಕ್ಟ್ರಿಷಿಯನ್‌ನನ್ನೂ, ವೈಂಡಿಂಗ್ ಅಂಗಡಿಯವರನ್ನೂ ಮಾತನಾಡಿಸಿ. ಯಾವುದು ಕೆಟ್ಟು ಬರುತ್ತದೆ ಎಂಬುದನ್ನು ಬಲ್ಲವರು ಅವರೇ. ಹಳೆಯ ಫ್ಯಾನು ನಿಧಾನವಾದರೆ ಅವರು ಕಂಡೆನ್ಸರ್ ಬದಲಾಯಿಸಿ ಹತ್ತು ನಿಮಿಷದಲ್ಲಿ ಸರಿಮಾಡಿಬಿಡುತ್ತಾರೆ. ಬಿಎಲ್‌ಡಿಸಿ ಫ್ಯಾನಿನ ಸರ್ಕೀಟ್ ಬೋರ್ಡ್ ಸುಟ್ಟರೆ ಸಾಮಾನ್ಯವಾಗಿ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕಾಗುತ್ತದೆ. ಬೆಂಗಳೂರಿನ ಓದುಗರಿಗೆ ಇದು ಒಂದು ಫೋನ್ ಕರೆಯ ಮಾತು. ಹೊಸನಗರದಲ್ಲೋ ಸಿಂಧನೂರಿನಲ್ಲೋ ಇರುವವರಿಗೆ, ದುರಸ್ತಿಗೆ ಜನ ಮನೆಗೆ ಬರುತ್ತಾರೆಯೇ, ಬಿಚ್ಚಿದ ಫ್ಯಾನನ್ನು ಬಸ್ಸಿನಲ್ಲಿ ಹೊತ್ತೊಯ್ಯಬೇಕೇ ಎಂಬುದು ಬೆಲೆಗಿಂತ ದೊಡ್ಡ ಪ್ರಶ್ನೆ. ವಾರಂಟಿ ಎಷ್ಟು ವರ್ಷವೆಂದು ಎಲ್ಲ ವಿಮರ್ಶೆಗಳೂ ಹೇಳುತ್ತವೆ. ಸಹಾಯವಾಣಿಗೆ ಕರೆ ಮಾಡಿ, ಮೂರು ತಾಲ್ಲೂಕುಗಳ ಪಿನ್‌ಕೋಡ್ ಕೊಟ್ಟು, ಮನೆಗೆ ಬಂದು ರಿಪೇರಿ ಮಾಡುತ್ತೀರಾ ಎಂದು ಕೇಳಿ ಉತ್ತರವನ್ನು ಬರೆದ ವಿಮರ್ಶೆ ನನಗೆ ಕನ್ನಡದಲ್ಲಿ ಇನ್ನೂ ಕಣ್ಣಿಗೆ ಬಿದ್ದಿಲ್ಲ. ನೀವು ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸವದು.

ಹೀಗೆ ಕೂಡಿಹಾಕಿದಾಗ ಸಿಗುವ ಪಟ್ಟಿ ಕಂಪನಿಯ ಪಟ್ಟಿಯಂತೆ ಇರುವುದಿಲ್ಲ. ರಿಮೋಟು ಕಳೆದುಹೋದರೆ ಗೋಡೆಯ ಸ್ವಿಚ್ಚಿನಿಂದಲೇ ಫ್ಯಾನು ನಡೆಯುತ್ತದೆಯೇ, ವೇಗವನ್ನೂ ಬದಲಿಸಬಹುದೇ? ಕರೆಂಟು ಹೋಗಿ ಬಂದಾಗ ಮೊದಲಿದ್ದ ವೇಗದಲ್ಲೇ ತಿರುಗುತ್ತದೆಯೇ, ನಡುರಾತ್ರಿ ಎದ್ದು ರಿಮೋಟು ಹುಡುಕಬೇಕೇ? ವೋಲ್ಟೇಜು ಬಿದ್ದಾಗ ಹಳೆಯ ಫ್ಯಾನಿನ ಹಾಗೆ ಸೋಲುತ್ತದೆಯೇ? ಸೂರು ತಗ್ಗಾಗಿರುವ ಹೆಂಚಿನ ಮನೆಗೆ ಗಿಡ್ಡ ರಾಡು ಸಿಗುತ್ತದೆಯೇ? ಮನೆಯಲ್ಲಿ ವಯಸ್ಸಾದವರಿದ್ದರೆ ಈ ರಿಮೋಟಿನ ಗುಂಡಿಗಳು ಅವರ ಕಣ್ಣಿಗೆ ಕಾಣುತ್ತವೆಯೇ? ನಿಮ್ಮ ವಿಮರ್ಶೆಯ ಉಪಶೀರ್ಷಿಕೆಗಳು ಈ ಪ್ರಶ್ನೆಗಳೇ ಆಗಿರಲಿ, ಮತ್ತು ಜನರು ಕೇಳಿದ ಮಾತಿನಲ್ಲೇ ಇರಲಿ.

ಉಳಿತಾಯದ ಲೆಕ್ಕ ಯಾರ ಮನೆಯದು?

ಬಿಎಲ್‌ಡಿಸಿ ಫ್ಯಾನಿನ ಬಗ್ಗೆ ಬರೆಯುವವರೆಲ್ಲ ವರ್ಷಕ್ಕೆ ಇಷ್ಟು ಸಾವಿರ ಉಳಿತಾಯವೆಂಬ ಒಂದು ಸಂಖ್ಯೆಯನ್ನು ಹಿಡಿದುಕೊಂಡಿರುತ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತೆಂದು ತೋರಿಸದಿದ್ದರೆ ಓದುಗರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಲೆಕ್ಕವನ್ನು ಬಿಡಿಸಿ ಇಡಿ. 75 ವಾಟ್‌ನಿಂದ 30 ವಾಟ್ ಕಳೆದರೆ 45 ವಾಟ್. ದಿನಕ್ಕೆ 12 ಗಂಟೆ ತಿರುಗಿದರೆ 540 ವಾಟ್-ಗಂಟೆ, ಅಂದರೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. ತಿಂಗಳಿಗೆ ಸುಮಾರು 16 ಯೂನಿಟ್. ವರ್ಷದಲ್ಲಿ 300 ದಿನ ಫ್ಯಾನು ಬೇಕಾಗುವ ಊರಾದರೆ 162 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೆ 972 ರೂಪಾಯಿ. ಅದೇ ಲೆಕ್ಕವನ್ನು ಮಡಿಕೇರಿಯ ಮನೆಗೆ ಹಾಕಿದರೆ, ವರ್ಷದಲ್ಲಿ ಫ್ಯಾನು ಬೇಕಾಗುವುದೇ ನೂರು ದಿನವೆಂದು ಹಿಡಿದಾಗ, ಉಳಿತಾಯ 324 ರೂಪಾಯಿಗೆ ಇಳಿಯುತ್ತದೆ. ರಾಯಚೂರಿನವರಿಗೆ ಈ ಫ್ಯಾನು ಲಾಭ, ಮಡಿಕೇರಿಯವರಿಗೆ ಅಷ್ಟಕ್ಕಷ್ಟೇ ಎಂದು ಬರೆಯುವುದಕ್ಕೆ ಹಿಂಜರಿಯಬೇಡಿ.

ಕರ್ನಾಟಕದಲ್ಲಿ ಬರೆಯುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಬಳಕೆಯ ಸರಾಸರಿಯನ್ನು ಆಧರಿಸಿ ಪ್ರತಿ ಮನೆಗೂ ಒಂದು ಮಿತಿ ಗೊತ್ತಾಗಿದ್ದು, ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಬಿಲ್ಲು ಶೂನ್ಯವಾಗುತ್ತದೆ. ಶೂನ್ಯ ಬಿಲ್ಲು ಬರುತ್ತಿರುವ ಮನೆಯವರ ಮುಂದೆ ‘ವರ್ಷಕ್ಕೆ ಸಾವಿರ ರೂಪಾಯಿ ಉಳಿಸಿ’ ಎಂದರೆ ಆ ಮಾತಿಗೆ ಅರ್ಥವೇ ಇಲ್ಲ. ಇಂಗ್ಲಿಷಿನಿಂದ ಅನುವಾದಿಸಿದ ವಿಮರ್ಶೆಗಳು ಸೋಲುವುದು ಇಲ್ಲಿಯೇ. ಆದರೆ ತಮ್ಮ ಮಿತಿಯನ್ನು ಹತ್ತಿಪ್ಪತ್ತು ಯೂನಿಟ್‌ನಷ್ಟು ಮೀರುತ್ತಿರುವ ಮನೆಯವರು ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದವರಂತೂ ಇಡೀ ಬಿಲ್ಲನ್ನೇ ಕಟ್ಟಬೇಕು. 200ನ್ನು ತುಸುವೇ ದಾಟುತ್ತಿರುವವರಿಗೆ ಎರಡು ಫ್ಯಾನು ಬದಲಾಯಿಸಿ ತಿಂಗಳಿಗೆ 32 ಯೂನಿಟ್ ಇಳಿಸುವುದು ಯೂನಿಟ್ ದರದ ಲೆಕ್ಕಕ್ಕಿಂತ ಎಷ್ಟೋ ದೊಡ್ಡ ಲಾಭ. ಹಾಗಾಗಿ ವಿಮರ್ಶೆಯಲ್ಲಿ ಓದುಗರಿಗೆ ಒಂದು ಕೆಲಸ ಹೇಳಿ: ಕಳೆದ ಬೇಸಿಗೆಯ ಮೂರು ಬಿಲ್ಲುಗಳನ್ನು ತೆಗೆದು ನೋಡಿ, ಮೂರರಲ್ಲೂ ಕಟ್ಟಬೇಕಾದ ಮೊತ್ತ ಶೂನ್ಯವಿದ್ದರೆ ಕರೆಂಟಿನ ಉಳಿತಾಯಕ್ಕೆಂದು ಈ ಫ್ಯಾನು ಕೊಳ್ಳಬೇಡಿ.

ಹೀಗೆ ಬರೆದರೆ ಕಮಿಷನ್ ಕೈತಪ್ಪುವುದಿಲ್ಲವೇ ಎಂದು ಕೇಳಬಹುದು. ಕೆಲವರು ಹೊರಟುಹೋಗುತ್ತಾರೆ, ನಿಜ. ಆದರೆ ಅದೇ ಶೂನ್ಯ ಬಿಲ್ಲಿನ ಮನೆಯಲ್ಲಿ ಯುಪಿಎಸ್ ಇದ್ದರೆ ಮಾತು ಬೇರೆಯಾಗುತ್ತದೆ: ಮೂರು ಹಳೆಯ ಫ್ಯಾನುಗಳು 225 ವಾಟ್ ಎಳೆಯುವಲ್ಲಿ ಮೂರು ಬಿಎಲ್‌ಡಿಸಿ ಫ್ಯಾನುಗಳು 90 ವಾಟ್ ಎಳೆಯುತ್ತವೆ, ಅಂದರೆ ಕರೆಂಟು ಹೋದಾಗ ಅದೇ ಬ್ಯಾಟರಿ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬರುತ್ತದೆ. ಬಿಲ್ಲಿನ ವಿಷಯದಲ್ಲಿ ಬೇಡವೆಂದು ಹೇಳಿದವರೇ ಯುಪಿಎಸ್ ವಿಷಯದಲ್ಲಿ ಕೊಳ್ಳಿ ಎಂದರೆ ಓದುಗರು ಆ ಮಾತನ್ನು ನಂಬಿ ಲಿಂಕ್ ಒತ್ತುತ್ತಾರೆ. ವ್ಯಾಪಾರದ ಇನ್ನೊಂದು ಲೆಕ್ಕವೂ ಇದೆ. ಕೊಂಡ ವಸ್ತು ವಾಪಸ್ಸಾದರೆ ಕಮಿಷನ್ ಕೂಡ ವಾಪಸ್ಸಾಗುತ್ತದೆ. ತನಗೆ ಒಗ್ಗದ ಫ್ಯಾನನ್ನು ಒಬ್ಬರು ಕೊಂಡು ಹಿಂದಿರುಗಿಸಿದರೆ ನಿಮಗೆ ದಕ್ಕಿದ್ದು ಏನೂ ಇಲ್ಲ, ಕಳೆದುಕೊಂಡದ್ದು ಒಬ್ಬ ಓದುಗರನ್ನು.

ಮನೆಯಲ್ಲೇ ಅಳೆಯುವುದು

2021ರ ಏಪ್ರಿಲ್‌ನಿಂದ ಗೂಗಲ್ ತನ್ನ ಹುಡುಕಾಟದಲ್ಲಿ, ಮೊದಲು ಇಂಗ್ಲಿಷಿನಲ್ಲಿ, ವಿಮರ್ಶೆಗಳನ್ನು ಪ್ರತ್ಯೇಕವಾಗಿ ತೂಗಿ ನೋಡುತ್ತಿದೆ. ಬರೆದವರು ವಸ್ತುವನ್ನು ನಿಜವಾಗಿ ಬಳಸಿದ್ದಕ್ಕೆ ಸ್ವಂತ ಫೋಟೊ, ಅಳತೆ, ಹೋಲಿಕೆಗಳಂಥ ಸಾಕ್ಷ್ಯ ಇರಬೇಕೆಂದು ಅದು ಸಲಹೆ ಕೊಡುತ್ತದೆ. ಇದಕ್ಕೆ ಪ್ರಯೋಗಾಲಯವೇನೂ ಬೇಕಾಗಿಲ್ಲ. ನಿಮ್ಮ ಮನೆಯ ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಅದರ ಕೆಂಪು ದೀಪ ಎಷ್ಟು ಬಾರಿ ಮಿನುಗುತ್ತದೆ ಎಂಬುದನ್ನು ಅಚ್ಚು ಹಾಕಿರುತ್ತಾರೆ. ಅದು 3200 ಎಂದಿದ್ದರೆ ಹೀಗೆ ಮಾಡಿ: ಫ್ರಿಜ್, ಮೋಡೆಮ್, ಟಿವಿ, ಯುಪಿಎಸ್ ಚಾರ್ಜಿಂಗ್ ಎಲ್ಲವನ್ನೂ ಸ್ವಿಚ್ಚಿನಲ್ಲೇ ಆರಿಸಿ, ಫ್ಯಾನೊಂದನ್ನೇ ಪೂರ್ಣ ವೇಗದಲ್ಲಿ ಬಿಟ್ಟು ಹತ್ತು ನಿಮಿಷ ದೀಪದ ಮಿನುಗನ್ನು ಎಣಿಸಿ. 30 ವಾಟ್‌ನ ಫ್ಯಾನಿಗೆ 16 ಬಾರಿ, 75 ವಾಟ್‌ನ ಫ್ಯಾನಿಗೆ 40 ಬಾರಿ ಮಿನುಗಬೇಕು. ಮೀಟರಿನ ಎದುರು ಫೋನ್ ನಿಲ್ಲಿಸಿ ಇದನ್ನು ಚಿತ್ರೀಕರಿಸಿದರೆ ಅದಕ್ಕಿಂತ ಬಲವಾದ ಸಾಕ್ಷ್ಯ ಮತ್ತೊಂದಿಲ್ಲ, ಏಕೆಂದರೆ ನೋಡಿದವರು ತಮ್ಮ ಮನೆಯಲ್ಲೂ ಅದನ್ನೇ ಮಾಡಿ ನೋಡಬಹುದು. ಯಾವ ಮೀಟರು, ಎಷ್ಟು ಎಣಿಕೆಯದು ಎಂಬುದನ್ನು ಬರೆಯಲು ಮರೆಯಬೇಡಿ.

ಸದ್ದಿನ ಬಗ್ಗೆ ‘ಬಹಳ ಮೌನವಾಗಿದೆ’ ಎಂದು ಬರೆಯುವುದು ಏನನ್ನೂ ಹೇಳದಿರುವುದಕ್ಕೆ ಸಮ. ರಾತ್ರಿ ಹನ್ನೊಂದಕ್ಕೆ, ಕಿಟಕಿ ಮುಚ್ಚಿ, ಮೂರನೆಯ ವೇಗದಲ್ಲಿ ತಿರುಗುವಾಗ ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳಿಸಿತೇ ಇಲ್ಲವೇ ಎಂದು ಬರೆಯಿರಿ. ಒಂದು ದಿನದ ಬಳಕೆ, ಒಂದು ತಿಂಗಳ ಬಳಕೆ, ಒಂದು ವರ್ಷದ ಬಳಕೆ ಇವು ಮೂರು ಬೇರೆ ಬೇರೆ ವಿಮರ್ಶೆಗಳು. ಯಾವುದನ್ನು ನೀವು ಬರೆಯುತ್ತಿದ್ದೀರಿ ಎಂಬುದನ್ನು ಮೊದಲೇ ತಿಳಿಸಿ.

ಎಲ್ಲ ಮಾಡೆಲ್‌ಗಳನ್ನೂ ಕೊಳ್ಳುವಷ್ಟು ಹಣ ಹೊಸಬರಲ್ಲಿ ಇರುವುದಿಲ್ಲ. ಬಂಧುಗಳ ಮನೆಯಲ್ಲಿ ತೂಗಾಡುತ್ತಿರುವ ಫ್ಯಾನಿನ ಕೆಳಗೆ ಎರಡು ರಾತ್ರಿ ಮಲಗಿ ಬಂದರೂ ಅದು ಅನುಭವವೇ. ಬಳಸಿಲ್ಲದ ಮಾಡೆಲ್ ಹೋಲಿಕೆಯಲ್ಲಿ ಬರಲೇಬೇಕಾದರೆ, ಅದನ್ನು ನಾವು ಬಳಸಿಲ್ಲ, ಕಂಪನಿಯ ವಿವರಗಳನ್ನಷ್ಟೇ ಇಲ್ಲಿ ಕೊಟ್ಟಿದ್ದೇವೆ ಎಂದು ಆ ಸಾಲಿನಲ್ಲೇ ಬರೆಯಿರಿ. ‘ಟಾಪ್ 10’ ಪಟ್ಟಿಗಳ ಗೀಳಿಗೆ ಬೀಳಬೇಡಿ ಎಂಬುದು ನನ್ನ ಸಲಹೆ; ಹತ್ತು ಫ್ಯಾನು ಬಳಸಿ ನೋಡಿದವರು ವಿರಳ ಎಂಬುದು ಓದುಗರಿಗೂ ಗೊತ್ತು.

ತೀರ್ಪು, ಮತ್ತು ಅದರ ಭಾಷೆ

ಫೋನಿನಲ್ಲಿ ಓದುವವರಿಗೆ ತೀರ್ಪು ಮೊದಲ ಪರದೆಯಲ್ಲೇ ಸಿಗಬೇಕು. ಯಾರು ಕೊಳ್ಳಬಹುದು, ಯಾರು ಕೊಳ್ಳಬಾರದು, ಯಾಕೆ ಎಂಬ ಮೂರನ್ನೂ ನಾಲ್ಕು ಸಾಲಿನಲ್ಲಿ ಹೇಳಿಬಿಡಿ. ಉದಾಹರಣೆಗೆ ಹೀಗೆ: ‘ಬೇಸಿಗೆಯಲ್ಲಿ ನಿಮ್ಮ ಬಿಲ್ಲು ಗೃಹಜ್ಯೋತಿ ಮಿತಿಯನ್ನು ದಾಟುತ್ತಿದ್ದರೆ ಅಥವಾ ಮನೆಯಲ್ಲಿ ಯುಪಿಎಸ್ ಇದ್ದರೆ ಈ ಫ್ಯಾನು ಕೊಳ್ಳಿ. ನಿಮ್ಮ ತಾಲ್ಲೂಕಿಗೆ ಸರ್ವಿಸ್ ಇಲ್ಲದಿದ್ದರೆ ಬೇಡ. ಬೋರ್ಡು ಕೆಟ್ಟರೆ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲಿ ಆಗುವುದಿಲ್ಲ. ರಿಮೋಟು ಚಿಕ್ಕದು, ವಯಸ್ಸಾದವರಿಗೆ ಕಷ್ಟ. ಎರಡು ತಿಂಗಳ ಬಳಕೆಯಲ್ಲಿ ಸದ್ದು ಬಂದಿಲ್ಲ.’ ಇಷ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ಕಳಿಸಿದರೆ ಬೇರೇನೂ ವಿವರಿಸದೆ ಅರ್ಥವಾಗುವಂತಿರಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಮೂರು ಸಾವಿರದ ವಸ್ತುವನ್ನು ಒಬ್ಬರೇ ನಿರ್ಧರಿಸಿ ಕೊಳ್ಳುವುದು ಕಡಿಮೆ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ‘ಅತ್ಯಾಧುನಿಕ ತಂತ್ರಜ್ಞಾನದಿಂದ ವಿನ್ಯಾಸಗೊಳಿಸಲ್ಪಟ್ಟ ಈ ಉತ್ಪನ್ನವು ನಿಮ್ಮ ಜೀವನಶೈಲಿಯನ್ನು ಉನ್ನತೀಕರಿಸುತ್ತದೆ’ ಎಂಬ ವಾಕ್ಯ ಕಂಡ ಕೂಡಲೇ ಓದುಗರು ಇದು ಯಂತ್ರದ ಅನುವಾದವೆಂದು ತಿಳಿದು ಹಿಂದಿನ ಪುಟಕ್ಕೆ ಹೋಗುತ್ತಾರೆ. ಜನ ಕಂಡೆನ್ಸರ್ ಎಂದರೆ ನೀವೂ ಕಂಡೆನ್ಸರ್ ಎನ್ನಿ, ಯುಪಿಎಸ್ ಎಂದರೆ ಯುಪಿಎಸ್ ಎನ್ನಿ. 1200 ಮಿಲಿಮೀಟರ್ ಎಂದು ಬರೆದ ಕಡೆ 48 ಇಂಚು ಎಂದೂ ಸೇರಿಸಿ. ಹೋಲಿಕೆಯ ಕೋಷ್ಟಕಕ್ಕೆ ಮೂರಕ್ಕಿಂತ ಹೆಚ್ಚು ಕಾಲಂಗಳು ಬೇಡ. ಫೋನಿನಲ್ಲಿ ಪಕ್ಕಕ್ಕೆ ಎಳೆದು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಕಮಿಷನ್ ಬರುತ್ತದೆಂದು ಹೇಳುವುದು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2022ರ ಜೂನ್‌ನಲ್ಲಿ ಹೊರಬಂದ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿಯೂ, 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರತಂದ ಕಿರುಹೊತ್ತಗೆಯೂ, ಒಂದು ವಸ್ತುವನ್ನು ಶಿಫಾರಸು ಮಾಡುವವರಿಗೆ ಅದರಿಂದ ಹಣದ ಅಥವಾ ಬೇರೆ ಲಾಭದ ನಂಟಿದ್ದರೆ ಅದನ್ನು ಎದ್ದು ಕಾಣುವಂತೆ ತಿಳಿಸಬೇಕೆನ್ನುತ್ತವೆ. ಮಾರಾಟದ ಮೇಲಿನ ಕಮಿಷನ್ ಅಂಥ ನಂಟೇ. ತಪ್ಪುದಾರಿಗೆಳೆಯುವ ಶಿಫಾರಸಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಶಿಫಾರಸು ಯಾವ ಭಾಷೆಯಲ್ಲಿದೆಯೋ ಈ ತಿಳಿವಳಿಕೆಯೂ ಅದೇ ಭಾಷೆಯಲ್ಲಿರಬೇಕು ಎಂಬುದನ್ನು ಕನ್ನಡದ ತಾಣಗಳು ಮರೆಯುವುದೇ ಹೆಚ್ಚು. ಪುಟದ ತಳದಲ್ಲಿ ಚಿಕ್ಕ ಅಕ್ಷರದ ಇಂಗ್ಲಿಷ್ ಸಾಲೊಂದನ್ನು ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ತೀರ್ಪಿಗಿಂತ ಮೊದಲೇ ಹೀಗೆ ಬರೆಯಿರಿ: ‘ಈ ಪುಟದ ಲಿಂಕ್ ಮೂಲಕ ನೀವು ಕೊಂಡರೆ ನಮಗೆ ಕಮಿಷನ್ ಬರುತ್ತದೆ, ಅದಕ್ಕಾಗಿ ನೀವು ಹೆಚ್ಚು ಹಣ ಕೊಡಬೇಕಾಗಿಲ್ಲ. ಈ ಫ್ಯಾನನ್ನು ನಮ್ಮ ಹಣದಲ್ಲೇ ಕೊಂಡಿದ್ದೇವೆ.’ ಕಂಪನಿ ಉಚಿತವಾಗಿ ಕಳಿಸಿದ್ದರೆ ಕೊನೆಯ ವಾಕ್ಯವನ್ನು ಅದಕ್ಕೆ ತಕ್ಕಂತೆ ಬದಲಿಸಿ. ಅಮೆಜಾನ್‌ನ ಲಿಂಕ್‌ಗಳಿದ್ದರೆ, ಅದರ ಅಸೋಸಿಯೇಟ್ (ಅಫಿಲಿಯೇಟ್ ಯೋಜನೆಯ ಸದಸ್ಯ) ಆಗಿ ಹಣ ಗಳಿಸುತ್ತೀರೆಂಬುದನ್ನು ಅವರ ಒಪ್ಪಂದ ಹೇಳಿದಂತೆ ನಮೂದಿಸಬೇಕು. ಲಿಂಕ್‌ಗಳ ಎಚ್‌ಟಿಎಂಎಲ್‌ನಲ್ಲಿ, ಅಂದರೆ ಪುಟದ ಹಿಂದಿನ ಕೋಡಿನಲ್ಲಿ, ‘ಸ್ಪಾನ್ಸರ್ಡ್’ (rel="sponsored") ಎಂಬ ಗುರುತನ್ನು ಸೇರಿಸಿ. 2019ರಲ್ಲಿ ಗೂಗಲ್ ಈ ಗುರುತನ್ನು ತಂದದ್ದು ಹಣದ ನಂಟಿರುವ ಲಿಂಕ್‌ಗಳಿಗಾಗಿಯೇ.

ಲಿಂಕ್ ಮತ್ತು ಬೆಲೆ

ಮೊದಲ ಲಿಂಕ್ ತೀರ್ಪಿನ ಕೆಳಗೆ, ಎರಡನೆಯದು ಅತಿ ದೊಡ್ಡ ಅನುಮಾನಕ್ಕೆ ಉತ್ತರ ಕೊಟ್ಟ ಜಾಗದಲ್ಲಿ, ಮೂರನೆಯದು ಕೊನೆಯಲ್ಲಿ ಇದ್ದರೆ ಸಾಕು. ಗುಂಡಿಯ ಮೇಲೆ ‘ಈಗಲೇ ಕೊಳ್ಳಿ’ ಎನ್ನುವುದಕ್ಕಿಂತ ‘ಇಂದಿನ ಬೆಲೆ ನೋಡಿ’ ಎನ್ನುವುದು ಒಳ್ಳೆಯದು. ಅದು ಓದುಗರ ಮುಂದಿನ ಪ್ರಶ್ನೆಯೂ ಹೌದು. ಬೆಲೆಯನ್ನು ಬರಹದೊಳಗೆ ಕೈಯಿಂದ ಟೈಪ್ ಮಾಡಬೇಡಿ. ಅದು ದಿನದಿಂದ ದಿನಕ್ಕೆ ಬದಲಾಗುತ್ತದೆ, ಹಬ್ಬದ ಸೇಲಿನಲ್ಲಂತೂ ಗಂಟೆಗೊಮ್ಮೆ. ಅಮೆಜಾನ್‌ನ ನಿಯಮವೂ ಇದಕ್ಕೆ ಒಪ್ಪುವುದಿಲ್ಲ. ಒಂದೇ ಅಂಗಡಿಯ ಲಿಂಕ್ ಕೊಡುವ ಬದಲು ಎರಡು ಕಡೆಯದನ್ನು ಕೊಟ್ಟರೆ ಓದುಗರು ಹೋಲಿಸಿಕೊಳ್ಳುತ್ತಾರೆ. 2020ರಿಂದ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ಕನ್ನಡದಲ್ಲಿ ಲಭ್ಯವಿರುವುದರಿಂದ, ಭಾಷೆ ಬದಲಿಸಿಕೊಳ್ಳುವುದು ಎಲ್ಲಿ ಎಂಬ ಒಂದು ಸಾಲು ಹಿರಿಯ ಓದುಗರಿಗೆ ನೆರವಾಗುತ್ತದೆ.

ಅಮೆಜಾನ್‌ನಲ್ಲಿ ಲಿಂಕ್ ಒತ್ತಿದ 24 ಗಂಟೆಯೊಳಗೆ ಕೊಂಡರೆ ಮಾತ್ರ ಕಮಿಷನ್ ನಿಮ್ಮದು; ಅಷ್ಟರೊಳಗೆ ಕಾರ್ಟಿಗೆ ಹಾಕಿಟ್ಟಿದ್ದರೆ ಆ ಅವಧಿ ಮುಂದಕ್ಕೆ ಹೋಗುತ್ತದೆ. ಇದನ್ನು ತಿಳಿದ ಕೆಲವರು ‘ಇಂದೇ ಕೊನೆ, ಸ್ಟಾಕ್ ಮುಗಿಯುತ್ತಿದೆ’ ಎಂದು ಸುಳ್ಳು ಅವಸರ ಹುಟ್ಟಿಸುತ್ತಾರೆ. ನನಗೆ ಇದು ಹಿಡಿಸುವುದಿಲ್ಲ, ಅದರ ಅಗತ್ಯವೂ ಇಲ್ಲ. ರಾತ್ರಿ ಓದಿ, ಬೆಳಿಗ್ಗೆ ಮನೆಯವರನ್ನು ಕೇಳಿ ನಿರ್ಧರಿಸುವವರು ಮತ್ತೆ ನಿಮ್ಮ ಪುಟಕ್ಕೇ ಬರುವಂತಾಗಲು ಪುಟದ ವಿಳಾಸ ಚಿಕ್ಕದಾಗಿರಲಿ, ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಗುಂಡಿ ಇರಲಿ. ಹಂಚಬೇಕಾದದ್ದು ನಿಮ್ಮ ಪುಟವನ್ನು, ಅಫಿಲಿಯೇಟ್ ಲಿಂಕ್ ಅನ್ನಲ್ಲ.

ಕೊನೆಯದಾಗಿ, ಮೂರು ಲಿಂಕ್‌ಗಳಿಗೂ ಬೇರೆ ಬೇರೆ ಟ್ರ್ಯಾಕಿಂಗ್ ಐಡಿ (ಯಾವ ಲಿಂಕ್‌ನಿಂದ ಮಾರಾಟವಾಯಿತೆಂದು ತೋರಿಸುವ ಗುರುತು) ಕೊಟ್ಟು ತಿಂಗಳಿಗೊಮ್ಮೆ ಲೆಕ್ಕ ನೋಡಿ. ಮೇಲಿನ ಲಿಂಕ್ ಬಹಳ ಮಂದಿ ಒತ್ತಿಯೂ ಕೊಂಡವರು ಕಡಿಮೆಯಿದ್ದರೆ, ತೀರ್ಪು ಹೇಳಿದ್ದಕ್ಕೂ ಅಲ್ಲಿ ಕಂಡ ಬೆಲೆಗೂ ಹೊಂದಿಕೆಯಾಗುತ್ತಿಲ್ಲವೆಂದು ಅನುಮಾನಿಸಿ. ಅದೇ ಹೆಸರಿನ ಬೇರೆ ಅಳತೆಯ ಮಾಡೆಲ್‌ಗೆ ಲಿಂಕ್ ಹೋಗುತ್ತಿದೆಯೇ ಎಂದು ಮೊದಲು ನೋಡಿ. ಕೊನೆಯ ಲಿಂಕ್ ಒತ್ತಿದವರು ಕೊಳ್ಳುತ್ತಿದ್ದು, ಅಲ್ಲಿಗೆ ತಲುಪುವವರೇ ಕಡಿಮೆಯಿದ್ದರೆ ನಡುವಿನ ಭಾಗ ಉದ್ದವಾಗಿದೆ. ವಾಪಸ್ಸಾತಿ ಹೆಚ್ಚಾಗಿದ್ದರೆ, ಯಾರು ಕೊಳ್ಳಬಾರದು ಎಂಬ ಸಾಲಿನಲ್ಲಿ ಯಾರನ್ನೋ ಬಿಟ್ಟಿದ್ದೀರಿ; ಹೊಸದಾಗಿ ಬಂದ ಎರಡು, ಮೂರು ಸ್ಟಾರಿನ ಅಭಿಪ್ರಾಯಗಳನ್ನು ಮತ್ತೊಮ್ಮೆ ಓದಿ, ಆ ಸಾಲನ್ನು ತಿದ್ದಿ, ತಿದ್ದಿದ ದಿನಾಂಕವನ್ನು ಪುಟದ ಮೇಲ್ಭಾಗದಲ್ಲಿ ಹಾಕಿ.